ಮರಳುಗಾಡಿನ ಕತ್ತಿಗೆ ಮಲೆನಾಡಿನ ಮಳೆಗಾಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ ಸಹಾರಾ ಮರಳುಗಾಡಿನ ಒಂದು ಕತ್ತಿಯ ಚಿತ್ರ ಅಚ್ಚಾಗಿತ್ತು. ಆ ಬಳಿಕ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಕಾಗದಗಳನ್ನು ಓದಿದಾಗ, ಉತ್ತರ ಮತ್ತು ಪಶ್ಚಿಮ ಆಫ್ರಿಕಾದ ಕತ್ತಿ, ಕಠಾರಿಗಳು ನಮ್ಮ ಮಲೆನಾಡಿನ ಮನೆಗಳಲ್ಲಿ ನಾನು ಎಣಿಸಿದ್ದಕ್ಕಿಂತ ಹೆಚ್ಚಾಗಿಯೇ ಇವೆ ಎಂದು ತಿಳಿಯಿತು. ದುಡಿಮೆಗೆ ಹೋದವರು, ಯುದ್ಧಕ್ಕೆ ಹೋದವರು, ಪ್ರವಾಸಕ್ಕೆ ಹೋದವರು ತಂದು ಅಟ್ಟದಲ್ಲಿಯೋ ಬೀರುವಿನಲ್ಲಿಯೋ ಇಟ್ಟು ಮರೆತ ವಸ್ತುಗಳಿವು. ಈ ತಿಂಗಳ ಪುಟವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಅಣ್ಣ ನೈಜೀರಿಯಾದ ಕಾನೋ ನಗರದಲ್ಲಿ ಎಂಜಿನಿಯರ್ ಆಗಿದ್ದರು. ಊರಿಗೆ ಮರಳುವಾಗ ಒಂದು ನೇರವಾದ ಕತ್ತಿ ತಂದರು. ಹಿಡಿಗೆ ಹಿತ್ತಾಳೆಯ ತಗಡು, ಚರ್ಮದ ಒರೆ, ಅಲಗಿನ ಮೇಲೆ ಎರಡು ಅರ್ಧಚಂದ್ರದ ಗುರುತುಗಳಿವೆ. ಅಲಗು ಜರ್ಮನಿಯದು ಎಂದು ಮಾರಿದವನು ಹೇಳಿದ್ದನಂತೆ. ಇದು ನಿಜವಿರಬಹುದೇ? (ಓದುಗರು, ಸಾಗರ)

ಉತ್ತರ: ನಿಮ್ಮ ಅಣ್ಣ ತಂದಿರುವುದು ಟಕೋಬಾ. ಸಹಾರಾದ ಟುವಾರೆಗ್ ಜನರ ಕತ್ತಿಯೆಂದು ಇದು ಪ್ರಸಿದ್ಧವಾದರೂ ಹೌಸಾ ಮತ್ತು ಫುಲಾನಿ ಜನರೂ ಇದನ್ನು ಕಟ್ಟುತ್ತಿದ್ದರು. ಎರಡೂ ಕಡೆ ಹರಿತವಿರುವ ನೇರ ಅಲಗು, ತಿವಿಯುವುದಕ್ಕಿಂತ ಬೀಸಿ ಹೊಡೆಯುವುದಕ್ಕೆ ಒಪ್ಪುವ ದುಂಡುಮೂತಿಯ ತುದಿ, ಪೆಟ್ಟಿಗೆಯಂತೆ ದಪ್ಪನಾದ ಅಡ್ಡಪಟ್ಟಿ, ಒಟ್ಟು ಹೆಚ್ಚುಕಡಿಮೆ ಒಂದು ಮೀಟರ್ ಉದ್ದ, ಇವು ಅದರ ಲಕ್ಷಣಗಳು. ಕಬ್ಬಿಣವನ್ನು ಬರಿಗೈಯಲ್ಲಿ ಮುಟ್ಟಬಾರದೆಂಬ ನಂಬಿಕೆ ಟುವಾರೆಗರಲ್ಲಿ ಇದ್ದುದರಿಂದ ಹಿಡಿಯನ್ನು ಚರ್ಮದಿಂದಲೋ ಹಿತ್ತಾಳೆಯಿಂದಲೋ ಮುಚ್ಚುತ್ತಿದ್ದರು. ಅವರಲ್ಲಿ ಲೋಹದ ಕೆಲಸ ಮಾಡುವವರು ಇನಾಡನ್ ಎಂಬ ಪ್ರತ್ಯೇಕ ಕುಶಲಕರ್ಮಿ ಸಮುದಾಯದವರು. ಆ ಮನೆತನಗಳಲ್ಲಿ ಗಂಡಸರು ಕಬ್ಬಿಣ, ಬೆಳ್ಳಿ, ಮರದ ಕೆಲಸ ಮಾಡಿದರೆ ಹೆಂಗಸರು ಚರ್ಮದ ಕೆಲಸ ಮಾಡುತ್ತಾರೆ. ಹೀಗಾಗಿ ನಿಮ್ಮ ಕೈಯಲ್ಲಿರುವ ಒಂದೇ ಕತ್ತಿಯಲ್ಲಿ ಗಂಡಹೆಂಡಿರಿಬ್ಬರ ಕೈಗುರುತು ಸೇರಿರುವ ಸಾಧ್ಯತೆಯುಂಟು.

ಜರ್ಮನಿಯ ಮಾತು ಸುಳ್ಳೇ ಆಗಬೇಕೆಂದಿಲ್ಲ. 1850ರ ದಶಕದಲ್ಲಿ ಈ ಭಾಗದಲ್ಲಿ ಸಂಚರಿಸಿದ ಜರ್ಮನ್ ಪ್ರವಾಸಿ ಹೈನ್ರಿಶ್ ಬಾರ್ತ್, ಜೋಲಿಂಗೆನ್ ಪಟ್ಟಣದ ಅಲಗುಗಳು ಸಹಾರಾ ದಾಟಿ ಕಾನೋಗೆ ಬರುವುದನ್ನು ಕಂಡು, ವರ್ಷಕ್ಕೆ ಸುಮಾರು 50,000 ಅಲಗುಗಳು ಬರುತ್ತಿರಬಹುದೆಂದು ಅಂದಾಜು ಮಾಡಿದ್ದಾನೆ. ಕಾನೋದ ಕಮ್ಮಾರರು ಅವುಗಳಿಗೆ ತಮ್ಮ ಪದ್ಧತಿಯ ಹಿಡಿ ಕೂರಿಸಿ ಸುತ್ತಲಿನ ಜನರಿಗೆ ಮಾರುತ್ತಿದ್ದರು. ನಮ್ಮ ದಖ್ಖನಿನಲ್ಲಿಯೂ ಇದೇ ನಡೆದಿತ್ತು. ಕಡಲಾಚೆಯಿಂದ ಬಂದ ಯುರೋಪಿನ ಅಲಗಿಗೆ ನಮ್ಮ ಹಿಡಿ ಕೂರಿಸಿದ ಕತ್ತಿಯನ್ನು ‘ಫಿರಂಗಿ’ ಎಂದೇ ಕರೆಯುತ್ತಿದ್ದರು. ಆದ್ದರಿಂದ ಅಲಗು ಪರದೇಶದ್ದಾದರೆ ಕತ್ತಿಯ ಮರ್ಯಾದೆ ಏರುತ್ತದೆ, ಊರಿನದಾದರೆ ಇಳಿಯುತ್ತದೆ ಎಂಬ ವ್ಯಾಪಾರಿಗಳ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಟುವಾರೆಗರ ನಾಡಾದ, ನೈಜರ್ ದೇಶದ ಏರ್ ಬೆಟ್ಟಗಳ ಕಮ್ಮಾರ ತನ್ನ ಕುಲುಮೆಯಲ್ಲಿ ಬಡಿದು ಎಳೆದ ಅಲಗು ನನ್ನ ಮಟ್ಟಿಗೆ ಒಂದು ಕೈ ಮೇಲೆಯೇ.

ಅರ್ಧಚಂದ್ರಗಳನ್ನು ಮಾತ್ರ ನಂಬಿ ತೀರ್ಮಾನಿಸಬೇಡಿ. ಯುರೋಪಿನ ಅಲಗುಗಳ ಮೇಲಿದ್ದ ಗುರುತುಗಳನ್ನು ಕಂಡು ಆಫ್ರಿಕಾದ ಕಮ್ಮಾರರು ಅವನ್ನೇ ತಮ್ಮ ಅಚ್ಚಿನಿಂದ ಒತ್ತುತ್ತಿದ್ದರು. ಕಾಲಕ್ರಮದಲ್ಲಿ ಅದು ಅವರದೇ ಗುರುತಾಯಿತು. ಪಾಸಾವ್ ಮತ್ತು ಜೋಲಿಂಗೆನ್ ಪಟ್ಟಣಗಳ ‘ಓಡುವ ತೋಳ’ದ ಚಿಹ್ನೆಗೂ ಇದೇ ಗತಿಯಾಗಿದೆ. ನಾಲ್ಕಾರು ಉಳಿಯೇಟಿನಲ್ಲಿ ಮೂಡಿದ ಅದರ ನಕಲುಗಳನ್ನು ನೋಡಿದರೆ ತೋಳವೆಂದು ಯಾರಾದರೂ ಹೇಳಿದ ಮೇಲಷ್ಟೇ ತೋಳ ಕಾಣುತ್ತದೆ. ಗುರುತಿಗಿಂತ ಅಲಗನ್ನೇ ನೋಡಿ. ಕಿಟಕಿಯ ಬಳಿ ಹಿಡಿದು, ಬೆಳಕು ಅಡ್ಡಲಾಗಿ ಬೀಳುವಂತೆ ಓರೆ ಮಾಡಿ, ಉದ್ದಕ್ಕೂ ಓಡುವ ತೋಡುಗಳ ಮೇಲೆ ಕಣ್ಣು ಹಾಯಿಸಿ. ಕಾರ್ಖಾನೆಯ ಅಲಗಿನ ತೋಡು ದಾರ ಹಿಡಿದು ಎಳೆದಂತೆ ಇರುತ್ತದೆ. ಕೈಯಿಂದ ಕೊರೆದ ತೋಡು ಅಲ್ಲಲ್ಲಿ ಅಗಲವಾಗಿ, ಅಲ್ಲಲ್ಲಿ ಕಿರಿದಾಗಿ, ಒಂದೆರಡು ಕಡೆ ಪಕ್ಕದ ತೋಡಿನ ಹತ್ತಿರ ಸರಿದು ಹೋಗುತ್ತದೆ. ಹಿಡಿಯ ಬುಡದಲ್ಲಿ ಅಲಗಿನ ಎರಡೂ ಪಕ್ಕಕ್ಕೆ ಸಣ್ಣ ತಗಡು ಇಟ್ಟು ರಿವೆಟ್ ಹೊಡೆದಿದ್ದರೆ ಅದು ಊನವೆಂದು ಬೇಸರಿಸಬೇಡಿ. ಸವೆದ ಅಥವಾ ಮುರಿದ ಅಲಗನ್ನು ಗಟ್ಟಿಗೊಳಿಸಿ ಮತ್ತೆ ಕಟ್ಟಿಕೊಳ್ಳುವುದು ಅಲ್ಲಿ ರೂಢಿ. ಅಲಗು ಒಂದು ಕಾಲದ್ದು, ಹಿಡಿ ಇನ್ನೊಂದು ಕಾಲದ್ದು, ಒರೆ ಮೂರನೆಯ ಕಾಲದ್ದು ಆಗಿರುವ ಟಕೋಬಾ ನಕಲಿಯಲ್ಲ. ಹಾಗಿರುವುದೇ ಅದರ ಸಹಜ ಸ್ಥಿತಿ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಈ ಹವ್ಯಾಸದ ಮೊದಲ ವರ್ಷಗಳಲ್ಲಿ ಒಂದು ಟಕೋಬಾ ನನ್ನ ಕೈಗೆ ಬಂತು. ಅಲಗು ಕಪ್ಪಗಿತ್ತು. ಒಂದು ಭಾನುವಾರ ಬೆಳಗ್ಗೆ ಜಗುಲಿಯಲ್ಲಿ ಕುಳಿತು ಎಮರಿ ಕಾಗದದಿಂದ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದೆ. ಮಧ್ಯಾಹ್ನ ಬಿಸಿಲಿಗೆ ಹಿಡಿದಾಗ ಒಂದು ಬದಿಯಲ್ಲಿ ಎರಡು ಸಣ್ಣ ಅರ್ಧಚಂದ್ರಗಳು ಕಂಡವು. ತಿರುಗಿಸಿ ನೋಡಿದೆ. ಇನ್ನೊಂದು ಬದಿಯಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, ನುಣುಪಾದ ಒಂದು ತಗ್ಗು ಮಾತ್ರ ಉಳಿದಿತ್ತು. ಅಲ್ಲೇನಿತ್ತೆಂದು ಇನ್ನು ಯಾರಿಗೂ ತಿಳಿಯಲಾರದು. ನಿಮ್ಮ ಕತ್ತಿಯ ಅಲಗನ್ನು ಉಜ್ಜಬೇಡಿ ಎಂದು ನಾನು ಬೇಡಿಕೊಳ್ಳುವುದು ಆ ತಗ್ಗನ್ನು ಇಂದಿಗೂ ಆಗಾಗ ಬೆರಳಿನಿಂದ ಸವರಿ ನೋಡುತ್ತಿರುವುದರಿಂದ.

ಪ್ರಶ್ನೆ: ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಯಲ್ಲಿರುವ ಮೂರು ಆಫ್ರಿಕಾದ ಕತ್ತಿಗಳಿಗೆ ತುಕ್ಕು, ಒರೆಗಳಿಗೆ ಬೂಷ್ಟು ಹಿಡಿಯುತ್ತದೆ. ಎಣ್ಣೆ ಹಚ್ಚಿ ಒರೆಯಲ್ಲಿಟ್ಟು ಅಡುಗೆಮನೆಯ ಅಟ್ಟದಲ್ಲಿ ಇಡುತ್ತೇವೆ. ಆದರೂ ಪ್ರಯೋಜನವಿಲ್ಲ. (ಓದುಗರು, ಹೊಸನಗರ)

ಉತ್ತರ: ನಿಮ್ಮ ಕಷ್ಟ ಈ ಸೀಮೆಯ ಎಲ್ಲ ಸಂಗ್ರಾಹಕರ ಕಷ್ಟ. ಟುವಾರೆಗರ ಅಗಾದೆಜ್ ಪಟ್ಟಣದಲ್ಲಿ ವರ್ಷವಿಡೀ ಬೀಳುವ ಮಳೆ 200 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ನಿಮ್ಮ ನೆರೆಯ ಆಗುಂಬೆಯಲ್ಲಿ ಅದು ಸರಾಸರಿ 7,000 ಮಿಲಿಮೀಟರನ್ನು ದಾಟುತ್ತದೆ. ಆ ಒಣಹವೆಯನ್ನು ನೆಚ್ಚಿ ಮಾಡಿದ ಚರ್ಮ ಮತ್ತು ಕಬ್ಬಿಣವನ್ನು ನಾವು ಆಷಾಢದ ಗಾಳಿಯಲ್ಲಿ ಕಾಪಾಡಬೇಕಾಗಿದೆ.

ಎಲ್ಲಕ್ಕಿಂತ ಮೊದಲು ಅಲಗನ್ನು ಒರೆಯಿಂದ ಹೊರಗೆ ತೆಗೆಯಿರಿ. ಹದ ಮಾಡಿದ ಚರ್ಮದಲ್ಲಿ ಆಮ್ಲದ ಅಂಶ ಉಳಿದಿರುತ್ತದೆ, ಅದು ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಂಥ ಒರೆಯೊಳಗಿರುವ ಅಲಗು ಒದ್ದೆಬಟ್ಟೆಯಲ್ಲಿ ಸುತ್ತಿಟ್ಟ ಹಾಗೆಯೇ ಸರಿ. ಒರೆಯ ಆಕಾರ ಕುಗ್ಗದಂತೆ ಅದರೊಳಗೆ ತೆಳುವಾದ ಬಿದಿರಿನ ಪಟ್ಟಿಯೊಂದನ್ನು ಬಿಳಿಯ ಹತ್ತಿಬಟ್ಟೆ ಸುತ್ತಿ ಇಡಬಹುದು. ಆದರೆ ಅಲಗು ಮತ್ತು ಒರೆ ಒಂದೇ ಪೆಟ್ಟಿಗೆಯಲ್ಲಿ, ಒಂದರ ಪಕ್ಕದಲ್ಲಿ ಒಂದು ಇರಲಿ. ಬೇರೆಬೇರೆ ಇಟ್ಟ ಒರೆಗಳು ಎರಡು ತಲೆಮಾರಿನಲ್ಲಿ ಯಾವ ಕತ್ತಿಯವೆಂದು ತಿಳಿಯದೆ ಅನಾಥವಾಗುತ್ತವೆ.

ಎರಡನೆಯದಾಗಿ, ಅಟ್ಟವನ್ನು ಬಿಡಿ. ಒಲೆಯ ಮೇಲಿನ ಅಟ್ಟ ಅಡಿಕೆಗೆ, ಬೀಜದ ಕಾಳಿಗೆ ಒಳ್ಳೆಯದು, ಕತ್ತಿಗೆ ಒಳ್ಳೆಯದಲ್ಲ. ಹೊಗೆಯ ಮಸಿ ಲೋಹದ ಮೇಲೆ ಕುಳಿತು ತೇವವನ್ನು ಹಿಡಿದಿಡುತ್ತದೆ, ಒಲೆ ಆರಿದ ರಾತ್ರಿಗಳಲ್ಲಿ ಅದೇ ಜಾಗ ತಣ್ಣಗಾಗಿ ಬೆವರುತ್ತದೆ. ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿಯಿರುವ ಉದ್ದನೆಯ ಪ್ಲಾಸ್ಟಿಕ್ ಪೆಟ್ಟಿಗೆ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣಗಳು, ತೇವಾಂಶ ತೋರಿಸುವ ಒಂದು ಸಣ್ಣ ಮೀಟರ್ ಇಷ್ಟಿದ್ದರೆ ಸಾಕು. ಮೀಟರಿನ ಅಂಕಿ 50ರ ಆಸುಪಾಸಿನಲ್ಲಿರಬೇಕು. ಅದು ತೀರ ಕೆಳಗಿಳಿದರೆ ಹಳೆಯ ಚರ್ಮ ಬಿರುಕು ಬಿಡುತ್ತದೆ, 65 ದಾಟಿದರೆ ಬೂಷ್ಟು ತಲೆಯೆತ್ತುತ್ತದೆ. ಪೆಟ್ಟಿಗೆಯನ್ನು ಮುಚ್ಚುವ ಕೆಲಸ ಮೇ ತಿಂಗಳ ಒಣಬಿಸಿಲಿನ ದಿನ ಆಗಬೇಕು. ಮಳೆ ಹಿಡಿದ ಮೇಲೆ ಮುಚ್ಚಿದರೆ ಮಳೆಯನ್ನೇ ಒಳಗೆ ಕೂಡಿಹಾಕಿದಂತಾಗುತ್ತದೆ.

ಯಾವ ಎಣ್ಣೆ ಹಚ್ಚುತ್ತೀರೆಂದು ನೀವು ಬರೆದಿಲ್ಲ. ಕೊಬ್ಬರಿ ಎಣ್ಣೆಯಾಗಿದ್ದರೆ ಇಂದೇ ನಿಲ್ಲಿಸಿ. ಅದು ಕೆಲವು ತಿಂಗಳಲ್ಲಿ ಕಮಟು ಹಿಡಿದು ಅಂಟಾಗಿ, ದೂಳನ್ನು ಹಿಡಿದುಕೊಂಡು, ಕೊನೆಗೆ ಆಮ್ಲವಾಗಿ ಲೋಹವನ್ನೇ ತಿನ್ನುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಹತ್ತಿಬಟ್ಟೆಗೆ ನಾಲ್ಕು ಹನಿ ಹಾಕಿ ಅಲಗಿನ ಮೇಲೆ ಸವರಿ, ಒಣಬಟ್ಟೆಯಿಂದ ಒರೆಸಿ ತೆಗೆದರೆ ಉಳಿಯುವ ತೆಳುಪದರವೇ ಸಾಕು. ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲಿನ್ ಮೇಣ ಸಿಕ್ಕಿದರೆ ಅದು ಇನ್ನೂ ಉತ್ತಮ. ತುಕ್ಕಿನಲ್ಲಿಯೂ ಎರಡು ಬಗೆ ಇದೆ. ಬೆರಳಿಗೆ ಕೆಂಪುಪುಡಿಯಾಗಿ ಅಂಟುವುದು ಜೀವಂತ ತುಕ್ಕು. ಅದನ್ನು ಎಣ್ಣೆಯಲ್ಲಿ ನೆನೆಸಿ ಬಿದಿರಿನ ಕಡ್ಡಿಯ ಚಪ್ಪಟೆ ತುದಿಯಿಂದ ಮೆಲ್ಲಗೆ ಎಬ್ಬಿಸಬೇಕು. ಕಪ್ಪುಕಂದು ಬಣ್ಣದಲ್ಲಿ ಅಂಟಿಕೊಂಡು ಬೆರಳಿಗೆ ಬಾರದಿರುವುದು ಕಾಲ ಹಚ್ಚಿದ ಬಣ್ಣ, ಅದನ್ನು ಮುಟ್ಟಬಾರದು.

ಚರ್ಮದ ಮೇಲಿನ ಬೂಷ್ಟನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ, ಮೃದುವಾದ ಬ್ರಷ್‌ನಿಂದ ಕೊಡವಿ ನೆರಳಿನಲ್ಲಿ ಒಣಗಿಸಿ. ಬೂಟ್ ಪಾಲಿಶ್, ಬೇವಿನೆಣ್ಣೆ ಬೇಡವೇ ಬೇಡ. ಟುವಾರೆಗ್ ಚರ್ಮದ ಹಸಿರು ಮತ್ತು ಕೆಂಪು ಬಣ್ಣಗಳು ಅವುಗಳ ಕೆಳಗೆ ಕಪ್ಪಾಗಿ ಹೋಗುತ್ತವೆ. ಹಿತ್ತಾಳೆಯ ಭಾಗಗಳನ್ನು ದೇವರ ದೀಪ ಬೆಳಗಿದ ಹಾಗೆ ಹುಣಸೆಹಣ್ಣಿನಿಂದ ಬೆಳಗುವ ಮನೆಗಳನ್ನು ನಾನು ಕಂಡಿದ್ದೇನೆ. ಹುಣಸೆಯ ಹುಳಿ ತಗಡಿನ ಸಂದಿಗೆ ಇಳಿದು ಒಳಗಿನ ಕಬ್ಬಿಣವನ್ನೂ ಚರ್ಮವನ್ನೂ ಹಾಳುಮಾಡುತ್ತದೆ, ಕೆತ್ತನೆಯ ಸೂಕ್ಷ್ಮ ಗೆರೆಗಳನ್ನೂ ವರ್ಷವರ್ಷಕ್ಕೆ ಸವೆಸುತ್ತದೆ.

ಪ್ರಶ್ನೆ: ಆಯುಧಪೂಜೆಯ ದಿನ ಮನೆಯ ಕತ್ತಿ, ಗುದ್ದಲಿಗಳ ಜೊತೆ ಮಾವನವರು ತಂದ ಮೊರಾಕೊದ ಕಠಾರಿಯನ್ನೂ ಇಟ್ಟು ಕುಂಕುಮ ಹಚ್ಚುತ್ತೇವೆ. ಇದರಿಂದ ತೊಂದರೆಯೇ? (ಓದುಗರು, ತೀರ್ಥಹಳ್ಳಿ)

ಉತ್ತರ: ಪೂಜೆಗೆ ಇಡುವುದು ಸಂತೋಷದ ವಿಷಯ, ಅದನ್ನು ಬಿಡಬೇಡಿ. ಅರಿಸಿನ, ಕುಂಕುಮವನ್ನು ನೀರಿನಲ್ಲಿ ಕಲಸಿ ಹಚ್ಚಿದರೆ ಆ ಬೊಟ್ಟಿನ ಆಕಾರದಲ್ಲಿಯೇ ತುಕ್ಕಿನ ಗುರುತು ಮೂಡುತ್ತದೆ, ನಿಂಬೆಹಣ್ಣಿನ ರಸ ತಾಗಿದಲ್ಲಿ ಉಕ್ಕು ಬೂದುಬಣ್ಣಕ್ಕೆ ತಿರುಗುತ್ತದೆ. ಬಾಳೆಎಲೆಯ ಮೇಲೆ ಒಣಬಟ್ಟೆ ಹಾಸಿ ಅದರ ಮೇಲೆ ಕಠಾರಿಯನ್ನಿಟ್ಟು, ಬೊಟ್ಟನ್ನು ಎಲೆಗೆ ಇಡಿ. ನಮ್ಮ ಮನೆಯಲ್ಲಿ ನಡೆದು ಬಂದಿರುವುದು ಹೀಗೆಯೇ.

ಪ್ರಶ್ನೆ: ನಮ್ಮ ಅಜ್ಜ ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ಸುಡಾನಿನ ಕಸ್ಸಲಾದಲ್ಲಿದ್ದರು. ಅಲ್ಲಿಂದ ತಂದ ಉದ್ದನೆಯ ಕತ್ತಿಯ ಅಲಗಿನ ತುಂಬ ಅರಬ್ಬಿ ಬರಹವಿದೆ. ಇದು 1898ರ ಮಹ್ದಿ ಯುದ್ಧದ ಕತ್ತಿಯೆಂದು ಒಬ್ಬರು, ಬರಿಯ ಅಲಂಕಾರದ ವಸ್ತುವೆಂದು ಇನ್ನೊಬ್ಬರು ಹೇಳುತ್ತಾರೆ. (ಓದುಗರು, ಕೊಪ್ಪ)

ಉತ್ತರ: ನಿಮ್ಮ ಅಜ್ಜನ ಕಥೆ ಇತಿಹಾಸಕ್ಕೆ ಚೆನ್ನಾಗಿ ಹೊಂದುತ್ತದೆ. 1941ರ ಜನವರಿಯಲ್ಲಿ ಭಾರತದ 4 ಮತ್ತು 5ನೆಯ ಡಿವಿಜನ್‌ಗಳು ಇಟಲಿಯವರು ತೆರವು ಮಾಡಿದ ಕಸ್ಸಲಾವನ್ನು ವಶಕ್ಕೆ ತೆಗೆದುಕೊಂಡು, ಅಲ್ಲಿಂದ ಎರಿಟ್ರಿಯಾದೊಳಗೆ ಮುಂದುವರಿದು, ಮಾರ್ಚ್ ಕೊನೆಯಲ್ಲಿ ಕೆರೆನ್ ಬೆಟ್ಟಗಳನ್ನು ಗೆದ್ದವು. ಕಸ್ಸಲಾ ಅಂದಿಗೂ ಇಂದಿಗೂ ಕತ್ತಿ ಮಾಡುವ ಕಮ್ಮಾರರಿಗೆ ಹೆಸರಾದ ಊರು. ಅಲ್ಲಿನ ಕತ್ತಿಯನ್ನು ಸಂಗ್ರಾಹಕರು ಕಸ್ಕಾರಾ ಎನ್ನುತ್ತಾರೆ. ಅಲ್ಲಿನ ಜನ ಕತ್ತಿಗೆ ಇರುವ ಸಾಮಾನ್ಯ ಅರಬ್ಬಿ ಪದವಾದ ಸೈಫ್ ಎಂದಷ್ಟೇ ಕರೆಯುತ್ತಾರೆ. ಸುಡಾನ್ ಆಫ್ರಿಕಾದ ಈಶಾನ್ಯಕ್ಕಿದ್ದರೂ ಕಸ್ಕಾರಾ ಟಕೋಬಾದ ಹತ್ತಿರದ ಬಂಧು. ಅಲಗು ಅದೇ ರೀತಿ ನೇರ ಮತ್ತು ಇಬ್ಬಾಯಿಯದು, ಆದರೆ ಅಡ್ಡಪಟ್ಟಿಯ ತುದಿಗಳು ಅಗಲಗೊಳ್ಳುತ್ತವೆ, ಹಿಡಿಯ ತುದಿಯಲ್ಲಿ ಬಿಲ್ಲೆಯಿರುತ್ತದೆ, ಚರ್ಮದ ಒರೆ ತುದಿಯ ಬಳಿ ಎಲೆಯಂತೆ ಹರಡಿ ಮತ್ತೆ ಕಿರಿದಾಗುತ್ತದೆ.

ಬರಹದ ವಿಷಯ. ಸುಡಾನಿನಲ್ಲಿ ದಂಗೆಯೆಬ್ಬಿಸಿದ ಧಾರ್ಮಿಕ ನಾಯಕ ಮಹ್ದಿ ಮತ್ತು ಅವನ ಅನುಯಾಯಿಗಳ ಕಾಲದಲ್ಲಿ, ಅಂದರೆ 1881ರಿಂದ 1898ರ ಸೆಪ್ಟೆಂಬರಿನ ಓಮ್ದುರ್ಮಾನ್ ಯುದ್ಧದವರೆಗೆ, ಅಲಗು ಮತ್ತು ಭರ್ಜಿಗಳ ಮೇಲೆ ಆಮ್ಲದಿಂದ ದಪ್ಪಕ್ಷರಗಳನ್ನು ಮೂಡಿಸುವ ಪದ್ಧತಿ ಇದ್ದದ್ದು ನಿಜ. ಯುದ್ಧ ಮುಗಿದ ಮೇಲೆ ನೆನಪಿನ ವಸ್ತು ಕೊಳ್ಳುವ ಸೈನಿಕರಿಗಾಗಿಯೂ ಅಂಥವನ್ನು ಮಾಡಿದರು ಎನ್ನುವುದೂ ನಿಜ. ಭೂತಗನ್ನಡಿ ಹಿಡಿದು ಒಂದು ಅಕ್ಷರವನ್ನು ಮಾತ್ರ ನೋಡಿ. ಹಳೆಯ ಗೀರು ಮತ್ತು ತುಕ್ಕಿನ ಗುಳಿಗಳು ಅಕ್ಷರವನ್ನು ಕಡಿದುಕೊಂಡು ಹೋಗಿದ್ದರೆ ಬರಹ ಬಂದ ಬಳಿಕ ಕತ್ತಿ ಬಹಳ ಕಾಲ ಬಾಳಿದೆ. ಅಕ್ಷರವೇ ಗುಳಿಯೊಳಗೆ ಇಳಿದಿದ್ದರೆ ಹಳೆಯ ಅಲಗಿನ ಮೇಲೆ ಬರಹ ಆಮೇಲೆ ಬಂದಿದೆ. ಒರೆಯಲ್ಲಿ ಸವೆತವಿದೆಯೇ, ಹೆಗಲಿಗೆ ತೂಗುವ ಪಟ್ಟಿ ತಾಗಿದ ಜಾಗ ನುಣುಪಾಗಿದೆಯೇ ಎಂದೂ ನೋಡಿ. ಇತ್ತೀಚಿನ ಕಸ್ಕಾರಾಗಳನ್ನು ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಬಡಿದಿರುತ್ತಾರೆ. ನಮ್ಮೂರಿನ ಕಮ್ಮಾರರು ಮಚ್ಚು ಮಾಡುವುದೂ ಅದರಲ್ಲಿಯೇ ಆದ್ದರಿಂದ ಅದನ್ನು ಕೀಳಾಗಿ ಕಾಣಬೇಕಾಗಿಲ್ಲ.

ಇದು ಯಾವ ಕಾಲದ್ದಾದರೂ, ನಿಮ್ಮ ಅಜ್ಜ ಯಾವ ತುಕಡಿಯಲ್ಲಿದ್ದರು, ಯಾವಾಗ ಮರಳಿದರು, ಯಾರಿಂದ ಇದನ್ನು ಪಡೆದರೆಂದು ಹೇಳುತ್ತಿದ್ದರು ಎನ್ನುವುದನ್ನು ಮನೆಯ ಹಿರಿಯರಿಂದ ಕೇಳಿ ಈಗಲೇ ಬರೆದಿಡಿ. ಅವರ ಸೇನಾಪುಸ್ತಕ ಅಥವಾ ಒಂದು ಹಳೆಯ ಕಾಗದ ಸಿಕ್ಕಿದರೂ ಕತ್ತಿಯ ಜೊತೆಯಲ್ಲಿಡಿ. 2023ರ ಏಪ್ರಿಲಿನಿಂದ ಸುಡಾನಿನಲ್ಲಿ ನಡೆಯುತ್ತಿರುವ ಯುದ್ಧದಲ್ಲಿ ಖಾರ್ಟೂಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯವೇ ಲೂಟಿಯಾಗಿದೆ. ಇಂಥ ಕಾಲದಲ್ಲಿ, ಈ ಕತ್ತಿ 1940ರ ದಶಕದಿಂದಲೂ ಕೊಪ್ಪದ ಒಂದು ಮನೆಯಲ್ಲಿತ್ತು ಎಂದು ತೋರಿಸುವ ಕಾಗದಕ್ಕೆ ಕತ್ತಿಯಷ್ಟೇ ಬೆಲೆಯುಂಟು.

ಪ್ರಶ್ನೆ: ನಾನು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಆಫ್ರಿಕಾದ ಈ ಅಲಗುಗಳು ನಮ್ಮ ಉಕ್ಕಿನಂಥವೇ? (ಓದುಗರು, ಭದ್ರಾವತಿ)

ಉತ್ತರ: ಬಹುಮಟ್ಟಿಗೆ ಅಲ್ಲ. ಇಂಗ್ಲಿಷಿನವರು ‘ವೂಟ್ಸ್’ ಎಂದು ಬರೆದುಕೊಂಡದ್ದು ನಮ್ಮ ‘ಉಕ್ಕು’ ಎಂಬ ಮಾತನ್ನೇ ಎಂದು ವಿದ್ವಾಂಸರು ಹೇಳುತ್ತಾರೆ. ಅದು ಮೂಸೆಯಲ್ಲಿ ಕರಗಿಸಿ ಪಡೆದ ಉಕ್ಕು. ಪಶ್ಚಿಮ ಆಫ್ರಿಕಾದ ಸಾಂಪ್ರದಾಯಿಕ ಕಬ್ಬಿಣ ಮಣ್ಣಿನ ಕುಲುಮೆಯಲ್ಲಿ ಅದಿರನ್ನು ಕರಗಿಸದೆಯೇ ಉಂಡೆಯಾಗಿಸಿ, ಬಡಿದು ಕಿಟ್ಟ ತೆಗೆದು ಪಡೆದದ್ದು. ಆ ವಿದ್ಯೆ ಅಲ್ಲಿ ಬಹಳ ಹಳೆಯದು. ನೈಜೀರಿಯಾದ ನೋಕ್ ಸಂಸ್ಕೃತಿಯ ತಾರುಗಾ ನೆಲೆಯಲ್ಲಿ ಕ್ರಿಸ್ತಪೂರ್ವದ ಕುಲುಮೆಗಳೇ ಸಿಕ್ಕಿವೆ.

ಪ್ರಶ್ನೆ: ಮರಾಕೇಶ್ ಪ್ರವಾಸದಲ್ಲಿ ಒಂದು ಬಾಗಿದ ಕಠಾರಿಯನ್ನು ‘ನೂರೈವತ್ತು ವರ್ಷ ಹಳೆಯದು’ ಎಂಬ ಮಾತು ನಂಬಿ ಕೊಂಡೆ. ಈಗ ಸಂಶಯ ಬಂದಿದೆ. (ಓದುಗರು, ಶಿವಮೊಗ್ಗ)

ಉತ್ತರ: ಇದರ ಹೆಸರು ಕುಮ್ಮಿಯಾ. ಮೊರಾಕೊದ ಗಂಡಸರು ಉಡುಪಿನ ಮೇಲೆ ಹೆಗಲಿಂದ ಇಳಿಬಿಟ್ಟ ಹುರಿಯಲ್ಲಿ ಎಡಪಕ್ಕಕ್ಕೆ ತೂಗಿಕೊಳ್ಳುವ ಕಠಾರಿಯಿದು. ನೀವು ಕಳಿಸಿದ ಚಿತ್ರದಲ್ಲಿ ಅಲಗು ತೆಳುತಗಡಿನಿಂದ ಕತ್ತರಿಸಿದಂತಿದೆ, ಅದಕ್ಕೆ ಬಾಯಿಯೇ ಇಲ್ಲ. ನಿಜವಾಗಿ ಬಳಸಿದ ಕುಮ್ಮಿಯಾದಲ್ಲಿ ಹಿಡಿಯ ಬಳಿ ಒಂದೇ ಕಡೆ, ಬಾಗಿದ ಭಾಗದಲ್ಲಿ ಎರಡೂ ಕಡೆ ಹರಿತವಿರುತ್ತದೆ. ಒರೆಯ ಎರಡು ಬಳೆಗಳನ್ನು ಬೆರಳಿನಿಂದ ಎತ್ತಿ ನೋಡಿ. ವರ್ಷಗಟ್ಟಲೆ ಹುರಿಯಲ್ಲಿ ತೂಗಿದ್ದರೆ ಬಳೆಯ ಒಳಮೈಯೂ ಅದು ಕೂರುವ ಕಿವಿಯೂ ಸವೆದು ತೆಳ್ಳಗಾಗಿರಬೇಕು, ಮೈಗೆ ತಾಗುವ ಹಿಂಬದಿ ಉಡುಪಿಗೆ ಉಜ್ಜಿ ನುಣುಪಾಗಿರಬೇಕು. ನಿಮ್ಮದರಲ್ಲಿ ಈ ಎರಡೂ ಕಾಣುತ್ತಿಲ್ಲ. ಪ್ರವಾಸಿಗರಿಗಾಗಿ ಮಾಡಿದ್ದೆಂದೇ ನನ್ನ ಅಭಿಪ್ರಾಯ. ಒರೆಯ ತಗಡಿನ ಕೆಲಸ ಮಾತ್ರ ಅಚ್ಚುಕಟ್ಟಾಗಿದೆ. ಆ ಕೈಕೆಲಸಕ್ಕಾಗಿ ಅದನ್ನು ಇಟ್ಟುಕೊಳ್ಳಿ.

ಪ್ರಶ್ನೆ: ಇಂಥ ಕತ್ತಿಗಳನ್ನು ಹೊರದೇಶದ ಹರಾಜಿನಿಂದ ಅಂಚೆಯಲ್ಲಿ ತರಿಸಬಹುದೇ? (ಓದುಗರು, ಶೃಂಗೇರಿ)

ಉತ್ತರ: ಹಣ ಕಟ್ಟುವ ಮೊದಲು ಜಿಲ್ಲಾಧಿಕಾರಿಗಳ ಕಚೇರಿಯ ಶಸ್ತ್ರ ಪರವಾನಗಿ ಶಾಖೆಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಉತ್ತರವನ್ನೂ ಬರವಣಿಗೆಯಲ್ಲಿಯೇ ಪಡೆಯಿರಿ. 1959ರ ಶಸ್ತ್ರಾಸ್ತ್ರ ಕಾಯಿದೆಯ ಅಡಿಯಲ್ಲಿ ಬಂದಿರುವ 2016ರ ನಿಯಮಗಳು ಕತ್ತಿ, ಕಠಾರಿ, ಭರ್ಜಿಗಳನ್ನೂ, ಮನೆಬಳಕೆಗೆ ಅಥವಾ ಬೇಸಾಯಕ್ಕೆ ಅಲ್ಲದ, 9 ಅಂಗುಲಕ್ಕಿಂತ ಉದ್ದ ಇಲ್ಲವೇ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಚಾಕುಗಳನ್ನೂ ಶಸ್ತ್ರಗಳ ಐದನೆಯ ವರ್ಗದಲ್ಲಿ ಸೇರಿಸಿವೆ, ಹೊರದೇಶದಿಂದ ಶಸ್ತ್ರ ತರಿಸಲು ಪರವಾನಗಿ ಬೇಕೆಂದು ಕಾಯಿದೆಯೇ ಹೇಳುತ್ತದೆ. ಹಿಡಿ ಯಾವುದರಿಂದ ಆದದ್ದೆಂಬುದನ್ನೂ ಕೇಳಿ ತಿಳಿಯಿರಿ. ಮೊರಾಕೊದ ನಿಮ್ಚಾ ಕತ್ತಿಗಳಲ್ಲಿ ಖಡ್ಗಮೃಗದ ಕೊಂಬಿನ ಹಿಡಿಯುಳ್ಳವು ಇವೆ, ಸುಡಾನಿನ ಒರೆಗಳಿಗೆ ಮೊಸಳೆಯ ಚರ್ಮ, ಉಡದ ಚರ್ಮ ಹೊದಿಸಿರುವುದುಂಟು. ಇವು ವನ್ಯಜೀವಿ ಕಾನೂನಿನ ಅಡಿಯಲ್ಲಿ ಬರುತ್ತವೆ, ‘ಹಳೆಯದು’ ಎಂಬ ಮಾತು ಅಲ್ಲಿ ನಿಮ್ಮನ್ನು ಕಾಯುವುದಿಲ್ಲ. ನೂರು ವರ್ಷ ದಾಟಿದ ವಸ್ತು ಒಮ್ಮೆ ಇಲ್ಲಿ ಸೇರಿದ ಮೇಲೆ ಅದನ್ನು ಮತ್ತೆ ಹೊರದೇಶಕ್ಕೆ ಮಾರಿ ಕಳಿಸಲು 1972ರ ಪ್ರಾಚ್ಯವಸ್ತು ಕಾಯಿದೆ ಅಡ್ಡ ಬರುತ್ತದೆ ಎಂಬುದೂ ನೆನಪಿರಲಿ.

ಪ್ರಶ್ನೆ: ಘಾನಾದ ರಾಜಮನೆತನದ್ದೆಂದು ಹೇಳಿ ಚಿನ್ನದ ಹಿಡಿಯ ಕತ್ತಿಯೊಂದನ್ನು ಮಾರಾಟಕ್ಕೆ ಇಟ್ಟಿದ್ದಾರೆ. ಕೊಳ್ಳಬಹುದೇ? (ಓದುಗರು, ಶಿವಮೊಗ್ಗ)

ಉತ್ತರ: ನಕಲಿಯಾಗಿದ್ದರೆ ಕೊಳ್ಳುವುದು ವ್ಯರ್ಥ, ಅಸಲಿಯಾಗಿದ್ದರೆ ಕೊಳ್ಳುವುದು ತಪ್ಪು. ಅಸಾಂಟೆ ರಾಜ್ಯದ ಅಫೆನಾ ಕತ್ತಿಗಳು ಯುದ್ಧಕ್ಕೆ ಮಾಡಿದವಲ್ಲ. ಮರದ ಹಿಡಿಯ ಎರಡು ಗುಂಡುಗಳಿಗೆ ಚಿನ್ನದ ತೆಳುಹಾಳೆ ಹೊದಿಸಿದ ಅವು ಪಟ್ಟವೇರುವಾಗ, ದೂತರನ್ನು ಕಳಿಸುವಾಗ, ಪ್ರಮಾಣ ಮಾಡುವಾಗ ಹಿಡಿಯುವ ರಾಜಚಿಹ್ನೆಗಳು. ಬ್ರಿಟಿಷ್ ಸೇನೆ 1874ರಲ್ಲಿ ರಾಜಧಾನಿ ಕುಮಾಸಿಯ ಅರಮನೆಯನ್ನು ಲೂಟಿಮಾಡಿದಾಗ ಅಂಥ ಅನೇಕ ವಸ್ತುಗಳು ಲಂಡನ್ ಸೇರಿದವು. 2024ರಲ್ಲಿ ಅಲ್ಲಿನ ಎರಡು ದೊಡ್ಡ ವಸ್ತುಸಂಗ್ರಹಾಲಯಗಳು 32 ವಸ್ತುಗಳನ್ನು ಕುಮಾಸಿಯ ಮನ್ಹಿಯಾ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಕಳಿಸಿದವು. ಪ್ರಮಾಣವಚನಕ್ಕೆ ಬಳಸುವ ಕತ್ತಿಯೂ ಅವುಗಳಲ್ಲಿತ್ತು. ಆದರೆ ಕಳಿಸಿದ್ದು ಮರಳಿ ಕೊಡುವುದಕ್ಕಲ್ಲ, ಮೂರು ವರ್ಷದ ಎರವಲಿಗೆ. ತಮ್ಮದೇ ಅರಸರ ಕತ್ತಿಯನ್ನು ಎರವಲು ತರಬೇಕಾಗಿ ಬಂದ ಜನರ ನೋವು ನಮಗೆ ಅರ್ಥವಾಗದಿರುವುದೇ? ನಮ್ಮ ನಾಡಿನ ವಸ್ತುಗಳೂ ಅದೇ ಊರಿನ ಗಾಜಿನ ಪೆಟ್ಟಿಗೆಗಳಲ್ಲಿವೆ. 1897ರ ಫೆಬ್ರುವರಿಯಲ್ಲಿ ಲೂಟಿಯಾದ, ಇಂದಿನ ನೈಜೀರಿಯಾದಲ್ಲಿರುವ ಬೆನಿನ್ ನಗರದ ಎಬೆನ್ ಮತ್ತು ಅದಾ ಕತ್ತಿಗಳಿಗೂ ಇದೇ ಮಾತು ಸಲ್ಲುತ್ತದೆ. ಒಬ್ಬ ಸವಾರನೋ ವರ್ತಕನೋ ತನ್ನ ಕತ್ತಿಯನ್ನು ತಾನೇ ಮಾರಿದ್ದಾದರೆ ಅದನ್ನು ಕೊಳ್ಳುವುದು ಬೇರೆ. ಒಂದು ಅರಮನೆಯಿಂದ, ಗುಡಿಯಿಂದ ಕಿತ್ತು ತಂದದ್ದನ್ನು ಕೊಳ್ಳುವುದು ಬೇರೆ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿ. ಕೊಳ್ಳಲು ಹಣವಿಲ್ಲ, ಆದರೆ ಆಸಕ್ತಿಯಿದೆ. ಸೂಜಿಯಂತೆ ಚೂಪಾದ ಒಂದು ಕತ್ತಿಯ ಚಿತ್ರವನ್ನು ನಕಲು ಮಾಡಿ ಕಳಿಸಿದ್ದೇನೆ. ಅದು ಯಾವುದು? ಎಲ್ಲಿಂದ ಆರಂಭಿಸಲಿ? (ಓದುಗರು, ಸೊರಬ)

ಉತ್ತರ: ಅದು ಫ್ಲಿಸ್ಸಾ. ಅಲ್ಜೀರಿಯಾದ ಕಬೀಲಿಯಾ ಬೆಟ್ಟಗಳ ಇಫ್ಲಿಸೆನ್ ಕುಲದವರ ಹೆಸರಿನಿಂದ ಬಂದ ಮಾತು. ಕೈಗೆ ಅಡ್ಡಪಟ್ಟಿಯಿಲ್ಲ, ಬೆನ್ನು ನೇರ, ಒಂದೇ ಬಾಯಿ. ಅಲಗು ನಡುವೆ ಸ್ವಲ್ಪ ಹೊಟ್ಟೆ ಬಿಟ್ಟು ಆಮೇಲೆ ಉದ್ದನೆಯ ಮೊನೆಯಾಗಿ ಇಳಿಯುತ್ತದೆ. ಅಲಗಿನ ಮೇಲೆ ಹಿತ್ತಾಳೆಯನ್ನು ಕೂರಿಸಿ ಬಿಡಿಸಿದ ಚಿತ್ತಾರವಿರುತ್ತದೆ, ಹಿಡಿಯ ತುದಿ ಪ್ರಾಣಿಯ ತಲೆಯಂತಿರುತ್ತದೆ. ಫ್ರೆಂಚರು 1857ರಲ್ಲಿ ಆ ಬೆಟ್ಟಗಳನ್ನು ಗೆಲ್ಲುವವರೆಗೆ, ಮತ್ತೆ 1871ರ ದಂಗೆಯ ಕಾಲದಲ್ಲಿ, ಅಲ್ಲಿನ ರೈತರ ಕೈಯಲ್ಲಿದ್ದದ್ದು ಇದು. ನಿಮ್ಮ ಚಿತ್ರದಲ್ಲಿ ಆ ಹೊಟ್ಟೆಯ ಬಾಗು ಸರಿಯಾಗಿ ಬಂದಿದೆ. ಅದನ್ನು ಗಮನಿಸಿದ ಕಣ್ಣು ನಿಮಗಿರುವುದರಿಂದ ಹಣವಿಲ್ಲವೆಂದು ಕುಗ್ಗಬೇಡಿ.

ಒಂದು ಗೆರೆಯ ಪುಸ್ತಕ, ಒಂದು ಅಳತೆ ಪಟ್ಟಿ ಇಟ್ಟುಕೊಳ್ಳಿ. ಕೆಳದಿಯ ವಸ್ತುಸಂಗ್ರಹಾಲಯ ನಿಮ್ಮ ಸೊರಬದಿಂದ ದೂರವಿಲ್ಲ, ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿಯೂ ಸಂಗ್ರಹವಿದೆ. ಅಲ್ಲಿ ಕಾಣಸಿಗುವ ಹಳೆಯ ಕಾಲದ ಲೋಹ, ಮರ, ಕಲ್ಲಿನ ಕೆಲಸವನ್ನು ಒಂದೊಂದಾಗಿ ಬಿಡಿಸಿಕೊಂಡು ಬನ್ನಿ. ಯಾವ ಕತ್ತಿ ಕಂಡರೂ ಅಲಗಿನ ಉದ್ದ, ಬುಡದ ಅಗಲ, ತೋಡುಗಳ ಸಂಖ್ಯೆ, ಗುರುತುಗಳು, ದುರಸ್ತಿಯಾದ ಜಾಗಗಳು ಈ ಕ್ರಮದಲ್ಲಿಯೇ ಬರೆದುಕೊಳ್ಳಿ. ಮುಂಗಾರಿಗೆ ಮುಂಚೆ, ಎಲ್ಲರೂ ಕತ್ತಿ ಹಣಿಸಲು ಬರುವ ದಿನಗಳಲ್ಲಿ, ನಿಮ್ಮೂರಿನ ಕಮ್ಮಾರರ ಕುಲುಮೆಯ ಪಕ್ಕದಲ್ಲಿ ಅವರ ಅನುಮತಿ ಕೇಳಿ ಒಂದು ಬೆಳಗ್ಗೆ ಪೂರ್ತಿ ಕುಳಿತುಕೊಳ್ಳಿ. ಕಾದ ಪಟ್ಟಿ ಯಾವ ಬಣ್ಣಕ್ಕೆ ಬಂದಾಗ ಸುತ್ತಿಗೆ ಬೀಳುತ್ತದೆ, ಬಾಯಿಯ ಕಡೆ ತೆಳುವಾದಂತೆ ಅಲಗು ಯಾವ ಕಡೆಗೆ ಬಾಗುತ್ತದೆ, ಅದನ್ನು ಅವರು ಹೇಗೆ ತಿದ್ದುತ್ತಾರೆ ಎಂದು ನೋಡಿ ಬರೆದು ಕಳಿಸಿ. ಆ ಪುಟವನ್ನು ಈ ಅಂಕಣದಲ್ಲಿ ಅಚ್ಚು ಹಾಕುತ್ತೇನೆ.